ಕೊಟ್ಟ ವಿದ್ಯೆ: ಮುರಾನೋದ ಗಾಜಿನ ಗುರು ಲೀನೋ ತಾಲ್ಯಾಪಿಯೇತ್ರಾ

ವಿದ್ಯೆಯು ಹಂಚಿದಷ್ಟೂ ಹೆಚ್ಚುತ್ತದೆ ಎಂಬ ಮಾತನ್ನು ಕೇಳದವರಿಲ್ಲ. ಅದನ್ನು ಅಲ್ಲಗಳೆಯುವವರೂ ಇಲ್ಲ. ಆದರೆ ಒಂದು ಊರಿಗೆ ಊರೇ ಒಂದು ವಿದ್ಯೆಯನ್ನು ನಂಬಿ ಉಣ್ಣುತ್ತಿರುವಾಗ, ಆ ವಿದ್ಯೆಯನ್ನು ಹೊರಗಿನವರಿಗೆ ಕಲಿಸಹೊರಟವನು ಹಂಚುತ್ತಿರುವುದು ತನ್ನ ಸ್ವತ್ತನ್ನೋ, ಊರಿನ ಸ್ವತ್ತನ್ನೋ? ಈ ಪ್ರಶ್ನೆ ಬಾಯಿಮಾತಿನ ತರ್ಕವಾಗಿ ಉಳಿಯದೆ ಒಬ್ಬ ವ್ಯಕ್ತಿಯ ಬದುಕಿನಲ್ಲಿಯೇ ನಿಜವಾಗಿ ಎದುರಾಯಿತು. ಆತನ ಹೆಸರು ಲೀನೋ ತಾಲ್ಯಾಪಿಯೇತ್ರಾ. ಇಟಲಿಯ ಮುರಾನೋ ದ್ವೀಪದವರು, ಗಾಜನ್ನು ಊದಿ ರೂಪ ಕೊಡುವ ಕಾಯಕದವರು. ನಮ್ಮ ಕಾಲದಲ್ಲಿ ಈ ವಿದ್ಯೆಯಲ್ಲಿ ಅವರಿಗೆ ಸಮನಾದ ಕೈ ಬಹಳ ಇಲ್ಲವೆಂದು ಬಲ್ಲವರು ಒಪ್ಪುತ್ತಾರೆ.

ಲೀನೋ ಅವರನ್ನು ಅರಿಯುವ ಮುನ್ನ ಅವರ ಊರನ್ನು ಅರಿಯಬೇಕು. ವೆನಿಸ್ ನಗರದ ಉತ್ತರಕ್ಕೆ, ಸಮುದ್ರದ ಹಿನ್ನೀರಿನಲ್ಲಿ, ಕಣ್ಣಳತೆಯ ದೂರದಲ್ಲಿಯೇ ಮುರಾನೋ ಇದೆ. 1291ರಲ್ಲಿ ವೆನಿಸ್ ಗಣರಾಜ್ಯವು ತನ್ನ ನಗರದೊಳಗಿನ ಗಾಜಿನ ಕುಲುಮೆಗಳನ್ನು ತೆಗೆಸಿತು. ಕುಲುಮೆಯ ಕಿಡಿಯಿಂದ ನಗರಕ್ಕೆ ಬೆಂಕಿ ತಗುಲೀತೆಂಬ ಭಯ ಅದಕ್ಕೆ ಕಾರಣ. ಗಾಜಿನವರು ಮುರಾನೋದಲ್ಲಿ ನೆಲೆನಿಂತರು. ಬೆಂಕಿಯ ಭಯಕ್ಕಾಗಿ ಆದ ಈ ವ್ಯವಸ್ಥೆ ಕ್ರಮೇಣ ಇನ್ನೊಂದು ಉದ್ದೇಶಕ್ಕೂ ಒದಗಿತು. ಸುತ್ತಲೂ ನೀರಿರುವ ಊರಿನಲ್ಲಿ ಗುಟ್ಟನ್ನು ಕಾಯುವುದು ಸುಲಭ. ಗಾಜಿನವರಿಗೆ ಮನ್ನಣೆಯಿತ್ತು, ಅವರ ಹೆಣ್ಣುಮಕ್ಕಳು ಸಿರಿವಂತ ಮನೆತನಗಳಿಗೆ ಸೊಸೆಯರಾಗಿ ಹೋಗಬಹುದಿತ್ತು. ಆದರೆ ಅಪ್ಪಣೆಯಿಲ್ಲದೆ ಗಣರಾಜ್ಯದ ಗಡಿ ದಾಟಿ ಕಸುಬು ಮಾಡುವಂತಿರಲಿಲ್ಲ. ದಾಟಿದವರಿಗೆ ಶಿಕ್ಷೆ ಕಾದಿತ್ತು. ಚಿನ್ನದ ಪಂಜರವೆಂದರೆ ಇದೇ.

ಓದುಗ ಬಂಧುಗಳು ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಇಷ್ಟೆಲ್ಲ ಕಾವಲಿದ್ದರೂ ಗುಟ್ಟು ಸೋರದೆ ಇರಲಿಲ್ಲ. 1612ರಲ್ಲಿ ಅಂತೋನಿಯೋ ನೇರಿ ಎಂಬಾತ ಫ್ಲಾರೆನ್ಸ್ ನಗರದಲ್ಲಿ ಗಾಜಿನ ಪಾಕಗಳನ್ನು ವಿವರಿಸುವ ಗ್ರಂಥವೊಂದನ್ನು ಅಚ್ಚು ಹಾಕಿಸಿದನು. 1660ರ ದಶಕದಲ್ಲಿ ಫ್ರಾನ್ಸಿನ ಅರಸ ಹದಿನಾಲ್ಕನೆಯ ಲೂಯಿಯ ಮಂತ್ರಿ ಕೋಲ್ಬೇರ್ ಮುರಾನೋದ ಕನ್ನಡಿ ಕೆಲಸಗಾರರನ್ನು ಹಣದ ಆಸೆ ತೋರಿಸಿ ಪ್ಯಾರಿಸ್ಸಿಗೆ ಕರೆಸಿಕೊಂಡನು. ಆಂಟ್‌ವರ್ಪ್, ಲಂಡನ್ ಮುಂತಾದೆಡೆಗಳಲ್ಲಿ ವೆನಿಸ್ ಮಾದರಿಯ ಗಾಜು ತಯಾರಾಗುತ್ತಲೇ ಇತ್ತು. ಹೀಗೆ ಮರಳೆಷ್ಟು, ಕ್ಷಾರವೆಷ್ಟು, ಬಣ್ಣಕ್ಕೆ ಯಾವ ಲೋಹ ಎಂಬ ಲೆಕ್ಕವು ಮುನ್ನೂರು ವರ್ಷಗಳ ಹಿಂದೆಯೇ ಬಯಲಾಗಿತ್ತು. ಹಾಗಿದ್ದರೂ ಮುರಾನೋದವರು ಮಾಡಿದ್ದನ್ನು ಉಳಿದವರು ಅಷ್ಟೇ ಹಗುರವಾಗಿ, ಅಷ್ಟೇ ತೆಳುವಾಗಿ ಮಾಡುವುದು ಕಷ್ಟವಾಯಿತು. ಗ್ರಂಥದಲ್ಲಿ ಪಾಕವಿತ್ತು, ಕೈ ಇರಲಿಲ್ಲ. ಪಾಕವನ್ನು ಕದಿಯಬಹುದು, ಕೈಯನ್ನು ಕದಿಯಲಾಗದು. ಅದನ್ನು ಉಳ್ಳವನೇ ಎದುರು ಕುಳಿತು ಕೊಡಬೇಕು.

ಲೀನೋ ಹುಟ್ಟಿದ್ದು 1934ರ ಆಗಸ್ಟ್ 10ರಂದು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರ ಜೂನ್ ತಿಂಗಳಲ್ಲಿ, ಇನ್ನೂ 12 ತುಂಬಿರದ ಬಾಲಕ ಶಾಲೆ ಬಿಟ್ಟು ಕುಲುಮೆಗೆ ಸೇರಿದನು. ಮೊದಲ ಕೆಲಸ ಗಾಜಿನದಲ್ಲ. ಬೆಂಕಿಯೆದುರು ಬೆವರುವವರಿಗೆ ನೀರು ತಂದುಕೊಡುವುದು. ಗಾಜನ್ನು ಮುಟ್ಟುವ ಅವಕಾಶ ದೊರೆಯಲು ಸುಮಾರು ಎರಡು ವರ್ಷ ಕಾಯಬೇಕಾಯಿತು. ಆಗಲೂ ದೊರೆತದ್ದು ಬೇರೆಯವರು ಊದಿದ ಪಾತ್ರೆಗೆ ಗೀರುಪಟ್ಟಿ ಹಚ್ಚುವಷ್ಟು ಮಾತ್ರ. ಆರ್ಕಿಮೇದೆ ಸೆಗುಸೋ ಎಂಬ ಹೆಸರಾಂತ ಗುರುವಿನ ನೆರಳಿನಲ್ಲಿ ಆತನ ಕಲಿಕೆ ಸಾಗಿತು. ಕಲಿಸುತ್ತಿದ್ದರು ಎನ್ನುವುದಕ್ಕಿಂತ, ನೋಡಲು ಬಿಡುತ್ತಿದ್ದರು ಎನ್ನುವುದು ಆ ಕಾಲದ ಮುರಾನೋಗೆ ಹೆಚ್ಚು ಒಪ್ಪುವ ಮಾತು.

ಅಲ್ಲಿನ ಕುಲುಮೆಯಲ್ಲಿ ಮೆಟ್ಟಿಲುಗಳುಂಟು. ಕೆಳಗಿನವನು ಗಾರ್ಜೋನೆ, ಎಂದರೆ ಹುಡುಗ. ಅವನ ಮೇಲೆ ಸೆರ್ವೆಂತೆ, ಸೇವೆ ಮಾಡುವವನು. ಎಲ್ಲರ ಮೇಲೆ ಮಾಯೆಸ್ತ್ರೊ. ಈ ಕೊನೆಯ ಪದ ವಿಚಾರಯೋಗ್ಯವಾದುದು. ಇದು ಲ್ಯಾಟಿನ್ ಭಾಷೆಯ 'ಮಾಗಿಸ್ಟರ್' ಶಬ್ದದಿಂದ ಬಂದದ್ದು. ಅದರ ಮೂಲದಲ್ಲಿರುವ ಅರ್ಥ 'ಹೆಚ್ಚು' ಎಂದು. ನಮ್ಮ 'ಗುರು' ಶಬ್ದದ ಮೂಲಾರ್ಥ 'ಭಾರವುಳ್ಳದ್ದು'. ಎರಡು ದೂರದ ಭಾಷೆಗಳು ಕಲಿಸುವವನನ್ನು ಕರೆಯುವಾಗ ತೂಕದ ಮಾತನ್ನೇ ಆಡಿವೆ. ಲೀನೋ ಇಪ್ಪತ್ತರ ಹರೆಯದ ಆರಂಭದಲ್ಲಿಯೇ ಮಾಯೆಸ್ತ್ರೊ ಆದರು. ಇದು ಆ ದ್ವೀಪದಲ್ಲಿ ಸಾಮಾನ್ಯವಾದ ಸಂಗತಿಯಲ್ಲ.

ಗಾಜು ಊದುವುದೆಂದರೆ ಕೆನ್ನೆಯುಬ್ಬಿಸಿ ಬಲವಾಗಿ ಊದುವುದೆಂದು ನೋಡದವರು ಭಾವಿಸುತ್ತಾರೆ. ಅದು ಹಾಗಲ್ಲ. ನಮ್ಮ ಒಲೆಯ ಬಳಿಯ ಊದುಗೊಳವೆ ಬೆಂಕಿಗೆ ಉಸಿರು ಕೊಟ್ಟರೆ, ಇವರ ನೀಳವಾದ ಕಬ್ಬಿಣದ ಕೊಳವೆ ಬೆಂಕಿಯಲ್ಲಿ ಬೆಂದುಬಂದ ವಸ್ತುವಿಗೆ ಉಸಿರು ಕೊಡುತ್ತದೆ. ಸುಮಾರು 1100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಜೇನಿನಂತೆ ಅಂಟಾಗಿರುವ ಗಾಜನ್ನು ಮೂಸೆಯಿಂದ ಕೊಳವೆಯ ತುದಿಗೆ ಸುತ್ತಿಕೊಳ್ಳುತ್ತಾರೆ. ಒಮ್ಮೆ ಮೆಲ್ಲಗೆ ಊದಿ ಕೊಳವೆಯ ಬಾಯನ್ನು ಹೆಬ್ಬೆರಳಿನಿಂದ ಮುಚ್ಚಿದರೆ ಸಾಕು; ಒಳಗೆ ಸಿಕ್ಕಿಕೊಂಡ ಗಾಳಿ ಕಾದು ತಾನೇ ಹಿಗ್ಗಿ ಗಾಜಿನೊಳಗೆ ಗುಳ್ಳೆಯಾಗುತ್ತದೆ. ಅಲ್ಲಿಂದ ಮುಂದೆ ಕೊಳವೆಯನ್ನು ತಿರುಗಿಸುವುದು ನಿಲ್ಲಬಾರದು. ನಿಂತರೆ ಗಾಜು ತನ್ನ ಭಾರಕ್ಕೆ ತಾನೇ ಜೋಲುತ್ತದೆ. ಗುರು ತನ್ನ ಮಣೆಯ ಮೇಲೆ ಕುಳಿತು, ಒಂದು ಕೈಯಲ್ಲಿ ಕೊಳವೆಯನ್ನು ಉರುಳಿಸುತ್ತ, ಇನ್ನೊಂದು ಕೈಯಲ್ಲಿ ಇಕ್ಕಳವನ್ನೋ ನೆನೆಸಿದ ಕಾಗದದ ದಪ್ಪ ಮಡಿಕೆಯನ್ನೋ ಹಿಡಿದು ರೂಪ ತಿದ್ದುತ್ತಾನೆ. ಆ ಹೊತ್ತಿನಲ್ಲಿ ಕೊಳವೆಯ ಇನ್ನೊಂದು ತುದಿಗೆ ಬಾಯಿಟ್ಟು ಊದುವವನು ಸಹಾಯಕ! ಅಂದಮೇಲೆ ಆ ಪಾತ್ರೆಯಲ್ಲಿರುವ ಉಸಿರು ಯಾರದು? ಗಾಜಿನ ದೊಡ್ಡ ಕೆಲಸ ಯಾವುದೂ ಒಬ್ಬನದಲ್ಲ. ಒಬ್ಬನು ಕಾಯಿಸುವನು, ಒಬ್ಬನು ಊದುವನು, ಒಬ್ಬನು ಹೊಸ ಗಾಜು ತಂದು ಅಂಟಿಸುವನು, ಒಬ್ಬನು ಕುಲುಮೆಯ ಬಾಗಿಲನ್ನು ತೆರೆದು ಮುಚ್ಚುವನು. ಮುಗಿದ ಪಾತ್ರೆಯನ್ನು ಸುಮಾರು 500 ಡಿಗ್ರಿಯ ಗೂಡಿನಲ್ಲಿಟ್ಟು ನಿಧಾನವಾಗಿ ತಣಿಸಬೇಕು. ಅವಸರ ಪಟ್ಟರೆ ಕಣ್ಣಿಗೆ ಕಾಣದ ಬಿಗುವು ಒಳಗೇ ಉಳಿದು, ಒಂದು ದಿನ ತಾನಾಗಿ ಸೀಳುತ್ತದೆ.

ಹೀಗೆ ಬೆಳೆದ ಲೀನೋ ಮುಂದಿನ ಎರಡೂವರೆ ದಶಕಗಳಲ್ಲಿ ಮುರಾನೋದ ಹಲವು ಹೆಸರಾಂತ ಕಾರ್ಖಾನೆಗಳಲ್ಲಿ ದುಡಿದರು: ಗಲ್ಲಿಯಾನೋ ಫೆರ್ರೋ, ವೆನೀನಿ, ಲಾ ಮುರ್ರೀನಾ. 1976ರಿಂದ ಎಫೆತ್ರೆ ಎಂಬ ಸಂಸ್ಥೆಯಲ್ಲಿ ಕಲೆ ಮತ್ತು ತಂತ್ರ ಎರಡಕ್ಕೂ ನಿರ್ದೇಶಕರಾದರು. 1959ರಲ್ಲಿ ವಿವಾಹವಾದ ಲೀನಾ ಒಂಗಾರೋ ಅವರದೂ ತಲೆತಲಾಂತರದಿಂದ ಗಾಜಿನ ಮನೆತನವೇ. ಕಸುಬಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೆ ಅಷ್ಟು ಕಾಲ ಅವರ ಕೈಯಿಂದ ಮೂಡಿದ್ದರಲ್ಲಿ ಬಹುಪಾಲು ಬೇರೆಯವರು ಕಾಗದದ ಮೇಲೆ ಬರೆದುಕೊಟ್ಟ ಆಕೃತಿ, ಕಾರ್ಖಾನೆ ಮಾರಬೇಕಾದ ಸರಕು. ಹುಡುಗನಾಗಿದ್ದಾಗಿನಿಂದ ವೆನಿಸ್ಸಿನ ಬಿಯನಾಲೆ ಪ್ರದರ್ಶನಕ್ಕೆ ಹೋಗಿ ಹೊಸ ಕಾಲದ ಚಿತ್ರಕಾರರ ಕೃತಿಗಳನ್ನು ನೋಡಿ ಬರುತ್ತಿದ್ದ ಮನಸ್ಸಿಗೆ ಅದಷ್ಟೇ ಸಾಲದಾಯಿತು. 1970ರ ದಶಕದ ಕೊನೆಗೆ ಮುರಾನೋದಲ್ಲಿಯೇ ಕಲಾವಿದರೂ ಕುಲುಮೆಯವರೂ ಸಮಸಮವಾಗಿ ಕೂಡಿ ದುಡಿಯುವ ಒಂದು ಅಂತರರಾಷ್ಟ್ರೀಯ ಗಾಜಿನ ಶಾಲೆಯನ್ನು ನಡೆಸಲು ಯತ್ನಿಸಿದರು. 'ಸಮಸಮ' ಎಂಬುದು ಆ ದ್ವೀಪದಲ್ಲಿ ಹೊಸ ಮಾತು.

ಅದೇ ವೇಳೆಗೆ ಸಾಗರದಾಚೆ ಬೇರೆಯೇ ಒಂದು ಕಥೆ ನಡೆದಿತ್ತು. ಅಮೆರಿಕದಲ್ಲಿ ಗಾಜೆಂದರೆ ಕಾರ್ಖಾನೆಯ ವಸ್ತು. 1962ರಲ್ಲಿ ಹಾರ್ವೆ ಲಿಟಲ್‌ಟನ್ ಎಂಬ ಅಧ್ಯಾಪಕರು ಟೊಲಿಡೋ ನಗರದ ಕಲಾಸಂಗ್ರಹಾಲಯದ ಆವರಣದಲ್ಲಿ ಚಿಕ್ಕ ಕುಲುಮೆ ಹೂಡಿ, ಒಬ್ಬ ಕಲಾವಿದ ತನ್ನ ಕೊಠಡಿಯಲ್ಲಿಯೇ ಗಾಜು ಊದಬಹುದೆಂದು ತೋರಿಸಿದರು. ಅವರ ಶಿಷ್ಯ ಡೇಲ್ ಚಿಹೂಲಿ 1968ರಲ್ಲಿ ಮುರಾನೋದ ವೆನೀನಿಗೆ ಬಂದು, ಅಲ್ಲಿನವರು ಗುಂಪಾಗಿ ದುಡಿಯುವ ಪರಿಯನ್ನು ಕಂಡು ಬೆರಗಾದರು. 1971ರಲ್ಲಿ ಸಿಯಾಟಲ್ ನಗರದ ಉತ್ತರಕ್ಕಿರುವ ಕಾಡಿನಲ್ಲಿ ಪಿಲ್ಚಕ್ ಎಂಬ ಗಾಜಿನ ಶಾಲೆ ಅವರ ಮುಂದಾಳುತನದಲ್ಲಿ ಹುಟ್ಟಿತು. ಅಲ್ಲಿನ ಯುವಕರಿಗೆ ಉತ್ಸಾಹಕ್ಕೆ ಬರವಿರಲಿಲ್ಲ, ಕೌಶಲ ಮಾತ್ರ ಅಷ್ಟಕ್ಕಷ್ಟೇ. ಹೇಳಿಕೊಡುವ ಹಿರಿಯರಿಲ್ಲದ ವಿದ್ಯೆಯ ಪಾಡೇ ಹಾಗೆ.

ಮುರಾನೋದಿಂದ ಮೊದಲು ಅಲ್ಲಿಗೆ ಹೋದವರು ಲೀನೋ ಅಲ್ಲ. ಅವರ ಪತ್ನಿಯ ಸಹೋದರ ಕೆಕ್ಕೋ ಒಂಗಾರೋ. 1978ರಲ್ಲಿ ಹೋಗಿ ಕಲಿಸಿ ಬಂದ ಆತ ಮತ್ತೆ ಹೋಗಲಿಲ್ಲ. ಭಾವನ ಹೆಸರನ್ನು ಸೂಚಿಸಿದರು. 1979ರಲ್ಲಿ ಲೀನೋ ಪಿಲ್ಚಕ್ಕಿಗೆ ಹೋದರು. ಆಗ ಅವರ ವಯಸ್ಸು 45ರ ಹತ್ತಿರ. ಇಂಗ್ಲಿಷ್ ಅವರ ಭಾಷೆಯಲ್ಲ. ಆದರೆ ಕುಲುಮೆಯೆದುರು ಮಾತಿಗಿಂತ ಮೊದಲು ಮೊಣಕೈ ಮಾತನಾಡುತ್ತದೆ.

ಅವರು ಅಲ್ಲಿ ಬಿಚ್ಚಿಟ್ಟದ್ದೇನೆಂಬುದನ್ನು ಕೊಂಚ ವಿವರವಾಗಿ ನೋಡಬೇಕು. ಇಲ್ಲವಾದರೆ ಕೊಟ್ಟದ್ದರ ಬೆಲೆ ತಿಳಿಯದು. ಫಿಲಿಗ್ರಾನಾ ಎಂಬ ವಿಧಾನದಲ್ಲಿ ಬಿಳಿಯ ಅಥವಾ ಬಣ್ಣದ ಗಾಜಿನ ತಿರುಳಿಗೆ ತಿಳಿಗಾಜಿನ ಹೊದಿಕೆ ಹಾಕಿ, ಇಬ್ಬರು ಎರಡು ತುದಿ ಹಿಡಿದು ಹಿಂದೆ ಹಿಂದೆ ನಡೆಯುತ್ತ ಎಳೆಯುತ್ತಾರೆ. ಮುಷ್ಟಿಗಾತ್ರದ ಮುದ್ದೆಯು ಮಾರುಗಟ್ಟಲೆ ಉದ್ದದ ಕಡ್ಡಿಯಾಗುತ್ತದೆ. ಆ ಕಡ್ಡಿಗಳನ್ನು ಕತ್ತರಿಸಿ ಸಾಲಾಗಿ ಜೋಡಿಸಿ, ಕಾಯಿಸಿ, ಕೊಳವೆಯ ತುದಿಯ ಬಿಸಿಗಾಜಿನಿಂದ ಚಾಪೆ ಸುತ್ತಿದಂತೆ ಸುತ್ತಿಕೊಂಡು, ಅಡಿ ಮುಚ್ಚಿ ಊದಿದರೆ ಪಾತ್ರೆಯ ಮೈಯುದ್ದಕ್ಕೂ ಕೂದಲೆಳೆಯಂಥ ಗೆರೆಗಳು ಹರಿಯುತ್ತವೆ. ರೆಟಿಚೆಲ್ಲೊ ಇದಕ್ಕೂ ಮುಂದಿನ ಹೆಜ್ಜೆ. ಗೆರೆಗಳನ್ನು ಬಲಕ್ಕೆ ತಿರುಚಿದ ಒಂದು ಗುಳ್ಳೆಯೊಳಗೆ ಎಡಕ್ಕೆ ತಿರುಚಿದ ಇನ್ನೊಂದು ಗುಳ್ಳೆಯನ್ನು ಇಳಿಸಿ ಊದಬೇಕು. ಎರಡೂ ಕೂಡಿದಾಗ ಗೆರೆಗಳು ಬಲೆಯಾಗುತ್ತವೆ. ಬಲೆಯ ಪ್ರತಿಯೊಂದು ಕಣ್ಣಿನಲ್ಲಿ ಸಾಸಿವೆಗಿಂತ ಚಿಕ್ಕ ಗಾಳಿಯ ಹನಿಯೊಂದು ಸೆರೆಯಾಗುತ್ತದೆ. ಒಂದು ಗೆರೆ ಬಾಗಿದರೂ ಇಡೀ ಬಲೆಯೇ ಸೊಟ್ಟ. ಇಂಕಾಲ್ಮೊ ಎಂಬುದು ಬೇರೆ ಬೇರೆ ಬಣ್ಣದ ಎರಡು ಬಿಸಿ ಗುಳ್ಳೆಗಳ ಬಾಯಿಗೆ ಬಾಯಿ ಹೊಂದಿಸಿ ಒಂದೇ ಪಾತ್ರೆ ಮಾಡುವ ಬೆಸುಗೆ. ಎರಡೂ ಬಾಯಿಗಳ ಅಳತೆಯೂ ಶಾಖವೂ ಒಂದೇ ಆಗಿರಬೇಕು. ಇದನ್ನೆಲ್ಲ ಓದಿ ಕಲಿಯಲಾಗದು. ಬಿಸಿ ಎಷ್ಟಿದೆ ಎಂಬುದನ್ನು ಗಾಜಿನ ಬಣ್ಣ ನೋಡಿ, ಕೊಳವೆಯ ತೂಗಾಟ ನೋಡಿ ತಿಳಿಯಬೇಕು. ಇಷ್ಟನ್ನೂ ಲೀನೋ ಏನನ್ನೂ ಬಚ್ಚಿಡದೆ ತೋರಿಸಿದರು. ಒಮ್ಮೆಯಲ್ಲ, ವರ್ಷವರ್ಷವೂ ಹೋಗಿ ತೋರಿಸಿದರು.

ಮುರಾನೋದಲ್ಲಿ ಇದನ್ನು ದ್ರೋಹವೆಂದು ಆಡಿಕೊಂಡವರುಂಟು. ಅವರ ಕೋಪವನ್ನು ಸಣ್ಣತನವೆಂದು ತಳ್ಳಿಹಾಕುವುದು ಅನ್ಯಾಯವಾದೀತು. ಗಾಜಲ್ಲದೆ ಬೇರೆ ಬದುಕಿಲ್ಲದ ಚಿಕ್ಕ ದ್ವೀಪವದು. ಅಲ್ಲಿನ ತಂದೆ ಮಗನಿಗೆ ಬಿಟ್ಟುಹೋಗುವ ಆಸ್ತಿಯೆಂದರೆ ಹೊಲವಲ್ಲ, ಕೈಯ ಹದ. ಅದನ್ನು ಸಿರಿವಂತ ದೇಶವೊಂದಕ್ಕೆ ಕೊಟ್ಟುಬಂದರೆ ನಾಳೆ ತಮ್ಮ ಮಕ್ಕಳ ಗತಿಯೇನೆಂದು ಕೇಳುವುದರಲ್ಲಿ ತಪ್ಪೇನಿದೆ? ಆದರೆ ಇನ್ನೊಂದು ಮಾತೂ ಉಂಟು. ಮುರಾನೋದ ಮಕ್ಕಳೇ ಆಗ ಕುಲುಮೆಯ ಕಡೆಗೆ ಮುಖ ತಿರುಗಿಸತೊಡಗಿದ್ದರು. ಬೆವರು ಸುರಿಸುತ್ತ ವರ್ಷಗಟ್ಟಲೆ ಆಳಾಗಿ ನಿಲ್ಲಲು ಹೊಸ ತಲೆಮಾರಿಗೆ ಮನಸ್ಸಿರಲಿಲ್ಲ. ಪಡೆಯುವವರಿಲ್ಲದ ಆಸ್ತಿಯನ್ನು ಎಷ್ಟು ಕಾದರೂ ಅದು ಕಾಯುವವನೊಡನೆಯೇ ಮುಗಿಯುತ್ತದೆ. ಲೀನೋ ಈ ಲೆಕ್ಕ ಹಾಕಿಯೇ ಹೊರಟರೆಂದು ಹೇಳುವುದು ಅತಿಯಾದೀತು. ಆದರೆ ಲೆಕ್ಕ ಮಾತ್ರ ಹಾಗೆಯೇ ಇತ್ತು.

ಕೊಡಲು ಹೋದವರು ಬರಿಗೈಯಲ್ಲಿ ಮರಳಲಿಲ್ಲ ಎಂಬುದು ಈ ಕಥೆಯ ಸೊಗಸು. ಮುರಾನೋದಲ್ಲಿ ಮೊದಲು ಕೈ ಪಳಗಬೇಕು; ತನ್ನ ಮನಸ್ಸಿನಲ್ಲಿರುವುದನ್ನು ಮಾಡುವ ಮಾತು ಆಮೇಲೆ, ಬಹುಮಂದಿಗೆ ಎಂದಿಗೂ ಇಲ್ಲ. ಪಿಲ್ಚಕ್ಕಿನ ಹುಡುಗರು ಸರಿಯಾಗಿ ಕೊಳವೆ ಹಿಡಿಯಲು ಬಾರದಿದ್ದರೂ ತಮ್ಮ ಮನಸ್ಸಿನಲ್ಲಿದ್ದುದನ್ನು ಮಾಡಲು ಹೊರಡುತ್ತಿದ್ದರು. ಸೋತು ನಗುತ್ತಿದ್ದರು, ಮತ್ತೆ ಹೊರಡುತ್ತಿದ್ದರು. ಮೂರು ದಶಕ ಬೇರೆಯವರ ಆಕೃತಿಗೆ ಕೈಯಾಗಿದ್ದ ಗುರುವಿಗೆ ಆ ಧೈರ್ಯ ನಾಟಿತು. 1988ರಲ್ಲಿ ಚಿಹೂಲಿ ಅವರ 'ವೆನೀಶಿಯನ್ಸ್' ಎಂಬ ಕೃತಿಮಾಲೆಗೆ ಲೀನೋ ಕೈಗೂಡಿಸಿದರು. ಚಿಹೂಲಿ 1976ರ ವಾಹನ ಅಪಘಾತದಲ್ಲಿ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡು, ಮೂರು ವರ್ಷಗಳ ಬಳಿಕ ಭುಜಕ್ಕೂ ಪೆಟ್ಟಾಗಿ ತಾವೇ ಊದುವುದನ್ನು ಬಿಟ್ಟಿದ್ದರು. ಬಣ್ಣದಲ್ಲಿ ಚಿತ್ರ ಬರೆದು ತೋರಿಸುತ್ತಿದ್ದರು, ಬೇರೆಯವರು ಊದುತ್ತಿದ್ದರು. ಆ ಕೃತಿಗಳ ಮೇಲೆ ದೊಡ್ಡದಾಗಿ ಕಾಣುವ ಹೆಸರು ಚಿಹೂಲಿಯವರದು. ಮುರಾನೋದ ಕಾರ್ಖಾನೆಯಲ್ಲಿಯೂ ಅಷ್ಟೇ ತಾನೆ ಆಗುತ್ತಿದ್ದುದು ಎಂದು ಯಾರಾದರೂ ಕೇಳಿದರೆ ಸುಲಭವಾದ ಉತ್ತರವಿಲ್ಲ. ಏನೇ ಇರಲಿ, ಮರುವರ್ಷ, ಸುಮಾರು 55ರ ವಯಸ್ಸಿನಲ್ಲಿ, ಲೀನೋ ಕಾರ್ಖಾನೆಯ ಕೆಲಸದಿಂದ ಹೊರಬಂದು ತಮ್ಮ ಹೆಸರಿನಲ್ಲಿ ತಮ್ಮ ಕೃತಿಗಳನ್ನು ಮಾಡಲು ನಿಂತರು. ನಮ್ಮಲ್ಲಿ ಅನೇಕರು ನಿವೃತ್ತಿಯ ದಿನ ಎಣಿಸುವ ವಯಸ್ಸು ಅದು.

ಆ ಬಳಿಕ ಮೂಡಿದ ಕೃತಿಗಳನ್ನು ಇಲ್ಲಿ ಪಟ್ಟಿ ಮಾಡುವುದು ಬೇಡ. 'ಡೈನೋಸಾರ್' ಎಂಬ ಮಾಲೆಯಲ್ಲಿ ಪಾತ್ರೆಯ ಕೊರಳು ನೀಳವಾಗಿ ಬೆಳೆದು ಕೊಕ್ಕರೆಯ ಕತ್ತಿನಂತೆ ಬಾಗಿ ನಿಲ್ಲುತ್ತದೆ. ಅದು ನೀರು ಹಿಡಿಯದು, ಹೂವು ಹಿಡಿಯದು, ಪಾತ್ರೆಯೆಂಬ ನೆನಪನ್ನಷ್ಟೇ ಹಿಡಿದಿರುತ್ತದೆ. 'ಎಂಡೆವರ್' ಎಂಬುದರಲ್ಲಿ ತಮ್ಮ ಹಿನ್ನೀರಿನ ದೋಣಿಗಳನ್ನು ನೆನೆದು ಮಾಡಿದ ಗಾಜಿನ ದೋಣಿಗಳು ಗುಂಪುಗುಂಪಾಗಿ ಮೇಲಿನಿಂದ ತೂಗುತ್ತವೆ. ಕೆಲವು ಕೃತಿಗಳು ತೀರ ಬೆಡಗಿನವೆಂದು ತೋರುವುದುಂಟು; ಕೈಗೆ ಬಾರದ್ದೇ ಇಲ್ಲದವನಿಗೆ ಎಲ್ಲಿ ನಿಲ್ಲಿಸಬೇಕೆಂಬುದೇ ಕಷ್ಟ. ಅವರು ವಿದ್ಯೆಯನ್ನು ಕೈತುಂಬ ಕೊಟ್ಟರೂ ಅವರ ಪಾತ್ರೆಗಳು ಸೇರುವುದು ಸಿರಿವಂತರ ಮನೆ ಮತ್ತು ಸಂಗ್ರಹಾಲಯಗಳನ್ನೇ ಎಂಬ ಮಾತನ್ನೂ ಮರೆಮಾಚಬೇಕಿಲ್ಲ.

ಪಾತ್ರೆಗಿಂತ ಹೆಚ್ಚಾಗಿ ನೋಡಬೇಕಾದದ್ದು ಅವರ ಸುತ್ತ ನಿಂತವರನ್ನು. ಡಾಂಟೆ ಮರಿಯೋನಿ ಎಂಬ ಅಮೆರಿಕದ ಯುವಕ ಅವರಿಂದ ಕಲಿತು, ನೇರಗೆರೆಯ ನೀಳಪಾತ್ರೆಗಳಿಗೆ ಹೆಸರಾದರು. ನ್ಯಾನ್ಸಿ ಕ್ಯಾಲನ್ ಎಂಬ ಮಹಿಳೆ 1990ರ ದಶಕದಿಂದ ಹಲವು ವರ್ಷ ಅವರ ತಂಡದಲ್ಲಿ ದುಡಿದು, ಬಳಿಕ ತಮ್ಮದೇ ದಾರಿ ಹಿಡಿದರು. ಇದನ್ನು ಹಗುರವಾಗಿ ಓದಿ ಮುಂದೆ ಹೋಗಬಾರದು. ಮುರಾನೋದ ಕುಲುಮೆ ಗಂಡಸರದು. ಹದಿನೈದನೆಯ ಶತಮಾನದಲ್ಲಿ ಮರಿಯೆತ್ತಾ ಬರೋವಿಯೇರ್ ಎಂಬಾಕೆಗೆ ಸ್ವಂತ ಕುಲುಮೆಗೆ ಅನುಮತಿ ದೊರೆತದ್ದು ಅಪವಾದವೆಂಬ ಕಾರಣಕ್ಕೇ ಇಂದಿಗೂ ನೆನಪಿನಲ್ಲಿದೆ. ಅಂಥ ಊರಿನ ಗುರುವಿನ ಕುಲುಮೆಯೆದುರು ಹೆಣ್ಣುಮಗಳೊಬ್ಬಳು ಕೊಳವೆ ಹಿಡಿದು ನಿಂತದ್ದು, ವಿದ್ಯೆಯು ಊರು ದಾಟಿದ್ದರಿಂದಲೇ ಸಾಧ್ಯವಾಯಿತು. ದ್ವೀಪದೊಳಗೇ ಉಳಿದಿದ್ದರೆ ಗಡಿಯಷ್ಟೇ ಅಲ್ಲ, ಈ ಗೆರೆಯೂ ಉಳಿಯುತ್ತಿತ್ತು.

2008ರಲ್ಲಿ ಅಮೆರಿಕದ ಟಕೋಮಾ ನಗರದ ಗಾಜಿನ ಸಂಗ್ರಹಾಲಯವು ಅವರ ಜೀವಮಾನದ ಕೃತಿಗಳ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತು. ವೆನಿಸ್ ನಗರದ ಫ್ರಾಂಕೆತ್ತಿ ಅರಮನೆಯಲ್ಲಿ ಅಂಥದೇ ದೊಡ್ಡ ಪ್ರದರ್ಶನ ನಡೆದದ್ದು 2011ರಲ್ಲಿ. ದೂರದ ಊರು ಮೊದಲು, ಹತ್ತಿರದ ಊರು ಆಮೇಲೆ. ಈ ಅನುಕ್ರಮ ಎಲ್ಲ ನಾಡುಗಳಿಗೂ ಪರಿಚಿತವೇ.

2021ರಲ್ಲಿ, 87ರ ವಯಸ್ಸಿನಲ್ಲಿ, ಲೀನೋ ಕುಲುಮೆಯ ಮುಂದಿನ ದುಡಿಮೆಯಿಂದ ನಿವೃತ್ತರಾಗುವುದಾಗಿ ತಿಳಿಸಿದರು. ನೀರು ಹೊರುತ್ತ ಬಂದ ದಿನದಿಂದ ಎಣಿಸಿದರೆ 75 ವರ್ಷ. ಅದೇ ವರ್ಷದ ಕೊನೆಯಲ್ಲಿ ಯುರೋಪಿನಲ್ಲಿ ಅನಿಲದ ಬೆಲೆ ಹಲವು ಪಟ್ಟು ಏರಿತು. ಮುರಾನೋದ ಕುಲುಮೆಗಳು ಹಗಲಿರುಳು ಅನಿಲದಿಂದಲೇ ಉರಿಯುವಂಥವು. ಒಮ್ಮೆ ಆರಿಸಿ ತಣ್ಣಗಾಗಲು ಬಿಟ್ಟರೆ ಮೂಸೆ ಬಿರುಕು ಬಿಡುವ ಭಯ; ಉರಿಸಿದರೆ ದುಡಿದದ್ದೆಲ್ಲ ಅನಿಲಕ್ಕೇ. ಶತಮಾನಗಳಿಂದ ಕಳ್ಳರಿಗೆ ಹೆದರಿದ ದ್ವೀಪ ಕೊನೆಗೆ ಅನಿಲದ ಚೀಟಿಗೆ ಹೆದರಬೇಕಾಯಿತು. ಹಲವರು ಕುಲುಮೆ ಆರಿಸಿದರು. ಆ ಹೊತ್ತಿಗೆ ಲೀನೋ ಕೊಳವೆಯನ್ನು ಕೆಳಗಿಟ್ಟು ಗಾಜಿನ ಫಲಕಗಳತ್ತ ತಿರುಗಿದ್ದರು. ಬಣ್ಣದ ಕಡ್ಡಿಗಳನ್ನೂ ತುಣುಕುಗಳನ್ನೂ ಮಣೆಯ ಮೇಲೆ ಹರಡಿ, ಗೂಡಿನಲ್ಲಿಟ್ಟು ಕರಗಿಸಿ ಒಂದಾಗಿಸುವ ಕೆಲಸವದು. ಅದಕ್ಕೆ ಊದಬೇಕಾಗಿಲ್ಲ. ಕಡ್ಡಿಗಳನ್ನು ಎಳೆಯಲು ಮಾತ್ರ ಮೊದಲಿನಂತೆಯೇ ಇನ್ನೊಬ್ಬರು ಆಚೆ ತುದಿಯನ್ನು ಹಿಡಿಯಬೇಕು.